ಮುಳುಗಿದ ಬಾವಿಯ ನೀರು

“ಟೀಚರ್, ಇದು ಸುಳ್ಳರಿ.”

ಪದ್ಮಶ್ರೀ ಎದ್ದು ನಿಂತು ಹೀಗೆ ಹೇಳಿದ್ದೇ ತಡ, ಐದನೆಯ ತರಗತಿ ಪೂರ್ತಿ ಖುಶನುಮಾಳ ಕಡೆ ತಿರುಗಿತು. ಹಾಳೆ ಹಿಡಿದು ಓದುತ್ತಿದ್ದ ಖುಶನುಮಾ ತೆರೆದ ಬಾಯಿ ಮುಚ್ಚುವುದನ್ನೇ ಮರೆತಳು.

ಬರುವ ವಾರ ಶಾಲೆಯಲ್ಲಿ ಊರ ಚರಿತ್ರೆಯ ಪ್ರೋಗ್ರಾಂ. ಎಲ್ಲರ ಮನೆಯವರೂ ಬರುತ್ತಾರೆ. ಮೈಕಿನ ಮುಂದೆ ಓದುವ ಚಾನ್ಸ್ ಮಾತ್ರ ಒಬ್ಬರಿಗೇ. ‘ನಮ್ಮ ಹಳೆಯ ಓಣಿ’ ಎಂಬ ಪ್ರಬಂಧಕ್ಕಾಗಿ ಅದು ಖುಶನುಮಾಳಿಗೆ ಸಿಕ್ಕಿತ್ತು. ಪ್ರಬಂಧ ಹೇಳಿ ಬರೆಸಿದವರು ಅವಳ ದಾದಾ, ಅಂದರೆ ಅಪ್ಪನ ಅಪ್ಪ, ಸುಭಾನಸಾಬ ಮಾಸ್ತರರು.

“ಬಾವಿ ನೀರು ಹಾಲಿನಂಗ ಸಿಹಿ ಇತ್ತು ಅಂತ ಓದಿದಳಲ್ರಿ? ನಮ್ಮಜ್ಜಿನೂ ಅದ ಓಣ್ಯಾಗ ಇದ್ದಳು,” ಎಂದಳು ಪದ್ಮಶ್ರೀ. “ಸವಳು ನೀರಂತ, ಬಾಯಿಗೆ ಉಪ್ಪುಪ್ಪು ಅಂತ. ಅದರಾಗ ಬ್ಯಾಳಿ ಸೈತ ಬೇಯ್ತಿರಲಿಲ್ಲಂತ.”

ಸುನಂದಾ ಟೀಚರ್ ಯಾರನ್ನೂ ಬೈಯಲಿಲ್ಲ. ಮನೆಯಲ್ಲಿ ಇನ್ನೊಮ್ಮೆ ಕೇಳಿಕೊಂಡು ಬಾ, ಮೈಕಿನಲ್ಲಿ ಓದುವುದು ಖರೆ ಇರಬೇಕು ಎಂದರು. ಇಲ್ಲದಿದ್ದರೆ ಶಕೀಲ ಬರೆದ ಕೆರೂರ ಸಂತೆಯ ಪ್ರಬಂಧವನ್ನೇ ಓದಿಸುವುದು ಎಂದೂ ಹೇಳಿದರು. ಹಿಂದಿನ ಬೆಂಚಿನಲ್ಲಿದ್ದ ಶಕೀಲ ಆಗಲೇ ಗಂಟಲು ಸರಿಮಾಡಿಕೊಳ್ಳತೊಡಗಿದ.

ಆ ಓಣಿ ಈಗಿಲ್ಲ. ಖುಶನುಮಾ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ದೂರದಲ್ಲಿ ಅಣೆಕಟ್ಟು ಕಟ್ಟಿದರು. ಅದರ ಹಿನ್ನೀರು ಏರುತ್ತ ಏರುತ್ತ ಬಾಗಲಕೋಟೆಯ ತಗ್ಗಿನ ಓಣಿಗಳಿಗೆ ಬಂತು. ಜನ ಗಂಟುಮೂಟೆ ಕಟ್ಟಿಕೊಂಡು ಎತ್ತರದ ನವನಗರಕ್ಕೆ ಬಂದರು. ದಾದಾನೂ ಬಂದರು, ಪದ್ಮಶ್ರೀಯ ಅಜ್ಜಿ ಸಾವಿತ್ರೆವ್ವನೂ ಬಂದಳು.

ದಾದಾ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. ಬಾದಾಮಿಯ ರಾಜರೆಲ್ಲ ಅವರ ನಾಲಗೆಯ ತುದಿಯಲ್ಲಿದ್ದರು. ಆದರೆ ಓಣಿಯಲ್ಲಿ ಇದ್ದಷ್ಟು ದಿನ ಓಣಿಯ ಬಗ್ಗೆ ಒಂದು ಸಾಲು ಬರೆದವರಲ್ಲ. ಅದು ನೀರಿನ ಪಾಲಾದ ಮೇಲೆ ಶುರುವಾಯಿತು ನೋಡಿ ಅವರ ಬರವಣಿಗೆ! ಬರೆಯುವುದು, ಬರೆದ ಹಾಳೆ ಹರಿದು ಹಾಕುವುದು. ಎದ್ದು ಗೇಟಿನ ತನಕ ಹೋಗುವುದು, ಬಂದು ಮತ್ತೆ ಬರೆಯುವುದು. ಒಂದು ಕಡೆ ಕೂತವರೇ ಅಲ್ಲ.

ಖುಶನುಮಾ ಮನೆಗೆ ಹೋಗಿ ನೀರಿನ ಮಾತು ತೆಗೆದದ್ದೇ, ದಾದಾ ಕನ್ನಡಕ ತೆಗೆದು ಕೆಳಗಿಟ್ಟರು. ಅದು ಸಿಟ್ಟಿನ ಗುರುತು.

“ನಾ ಹಿಸ್ಟರಿ ಮಾಸ್ತರ. ನಾ ಸುಳ್ಳು ಬರಸ್ತೇನಿ ಏನು?”

ಅವಳು ಹೊರಗೆ ಬಂದಳು. ಅವತ್ತು ಅವಳೂ ಕೂತಲ್ಲಿ ಕೂರಲಿಲ್ಲ. ಹೋಮ್‌ವರ್ಕ್ ಅರ್ಧಕ್ಕೆ ಬಿಟ್ಟಳು, ರೊಟ್ಟಿ ಅರ್ಧಕ್ಕೆ ಬಿಟ್ಟಳು. ಮೈಕು ಹೋದರೆ ಹೋಗಲಿ, ಶಕೀಲನೇ ಓದಲಿ. ಆದರೆ ದಾದಾ ನೀರಿನ ವಿಷಯದಲ್ಲಿ ಸುಳ್ಳು ಹೇಳಿದ್ದರೆ? ಅವರು ಹೇಳಿದ ಬೇವಿನ ಮರ, ಹೊಳೆಯ ಈಜು, ಮುತ್ತಜ್ಜನ ಅಂಗಡಿ, ಅವೆಲ್ಲ? ಅವಳು ಆ ಓಣಿಯನ್ನು ಕಂಡಿದ್ದೇ ದಾದಾನ ಮಾತಿನಲ್ಲಿ. ಆ ಮಾತೇ ಸುಳ್ಳಾದರೆ ಅವಳ ಪಾಲಿಗೆ ಓಣಿ ಇನ್ನೊಮ್ಮೆ ಮುಳುಗಿದ ಹಾಗೆ. ಅದಕ್ಕೇ ಅವಳಿಗೆ ಹೆದರಿಕೆ.

ಮರುದಿನ ಧೈರ್ಯ ಮಾಡಿ ಮತ್ತೆ ಅವರ ಮುಂದೆ ನಿಂತಳು.

“ದಾದಾ, ರಾಜ ಬರಿಸಿದ ಶಾಸನ ಒಂದನ್ನ ನಂಬಬ್ಯಾಡ, ಬಾಜೂದವರನ್ನೂ ಕೇಳು ಅಂತ ನೀವ ಹೇಳಿದ್ರಿ.”

ದಾದಾ ಕನ್ನಡಕ ತೆಗೆಯಲಿಲ್ಲ. ರವಿವಾರ ಓಣಿಗೇ ಹೋಗೋಣ, ಸಾವಿತ್ರೆವ್ವನನ್ನೂ ಕರೆದುಬಿಡು ಎಂದರು.

ಮಳೆಗಾಲದ ಹೊಸ ನೀರು ಬರುವ ಮೊದಲು ಹಿನ್ನೀರು ಇಳಿದು, ಹಳೆಯ ಅಡಿಪಾಯಗಳು ಮೇಲೆ ಕಾಣುತ್ತವೆ. ನವನಗರದ ಎಷ್ಟೋ ಮಂದಿ ಆಗ ಬುತ್ತಿ ಕಟ್ಟಿಕೊಂಡು ತಮ್ಮ ಮನೆ ನೋಡಲು ಹೋಗುತ್ತಾರೆ. ನೆಂಟರ ಮನೆಗೆ ಹೋದ ಹಾಗೆ ಇಸ್ತ್ರಿಯ ಬಟ್ಟೆಯನ್ನೇ ಹಾಕಿಕೊಳ್ಳುತ್ತಾರೆ. ದಾದಾ, ಖುಶನುಮಾ, ಸಾವಿತ್ರೆವ್ವ, ಪದ್ಮಶ್ರೀ, ಇವರೂ ನಾಲ್ವರು ಆಟೋ ಹತ್ತಿದರು. ದಾದಾನ ಕೈಚೀಲದಲ್ಲಿ ತಂಬಿಗೆ ಮತ್ತು ಹಗ್ಗ! ನೀರು ಸೇದಿ ಸಾವಿತ್ರೆವ್ವನಿಗೆ ಕುಡಿಸಿಯೇ ತೀರುವ ಹಟ.

ಅಲ್ಲಿ ಒಣಗಿ ಬಿರಿದ ಕೆಸರು, ಕಲ್ಲುಗಳ ಸಾಲು, ಅಷ್ಟೇ. ಗೋಡೆ ಎಂಬುದು ಒಂದೂ ಇರಲಿಲ್ಲ. ದಾದಾ ಮಾತ್ರ ನಿನ್ನೆ ತಾನೇ ಬಂದವರಂತೆ ಸರಸರ ನಡೆದು ಬಾವಿಯ ಕಟ್ಟೆ ಹುಡುಕಿದರು. ಹಗ್ಗಕ್ಕೆ ತಂಬಿಗೆ ಬಿಗಿದು ಬಗ್ಗಿ ನೋಡಿದರು.

ಬಾವಿಯ ತುಂಬ ಹೂಳು. ಕೈ ಚಾಚಿದರೆ ಮಣ್ಣು ಸಿಗುವಂತಿತ್ತು.

ದಾದಾ ಹಗ್ಗ ಹಿಡಿದು ನಿಂತೇ ಇದ್ದರು. ಈಗ ಸಾವಿತ್ರೆವ್ವ ಗೆದ್ದ ಮುಖ ಮಾಡಿ ನಗುತ್ತಾಳೆ ಎಂದುಕೊಂಡಳು ಖುಶನುಮಾ. ಆಕೆ ನಗಲಿಲ್ಲ. ಕಟ್ಟೆಯ ಮೇಲೆ ಕೂತು ಕಲ್ಲನ್ನು ಕೈಯಿಂದ ಸವರಿದಳು.

“ಸವಳ ಇತ್ತರಿ ಮಾಸ್ತರ. ಮುಂಜಾನೆ ಒಲಿ ಮ್ಯಾಲ ಇಟ್ಟ ಬ್ಯಾಳಿ ಮಧ್ಯಾಹ್ನ ಆದ್ರೂ ಕಾಳ ಕಾಳ ಇರ್ತಿತ್ತು.” ಬಾವಿಯೊಳಗಿನ ಹೂಳಿನ ಕಡೆ ಬಗ್ಗಿ ನೋಡಿದಳು. “ಈಗ ನಳದ ನೀರಾಗ ಬ್ಯಾಳಿ ಲಗೂನ ಬೇಯ್ತೈತಿ. ಖರೆ, ಆ ಸಾರಿನ ರುಚಿ ಮತ್ತ ನನ್ನ ಕೈಗೆ ಬರಲಿಲ್ಲ ನೋಡ್ರಿ.”

ಪದ್ಮಶ್ರೀ ಅಜ್ಜಿಯ ಮುಖವನ್ನೇ ನೋಡಿದಳು. ಈ ಮಾತು ಮನೆಯಲ್ಲಿ ಆಕೆ ಒಮ್ಮೆಯೂ ಹೇಳಿರಲಿಲ್ಲ.

ದಾದಾ ಪಕ್ಕದಲ್ಲಿ ಕೂತರು.

“ನನಗೂ ಗೊತ್ತೈತಿ ಸಾವಿತ್ರೆವ್ವ. ಇಲ್ಲಿದ್ದಾಗ ಈ ನೀರಿಗೆ ದಿನಾ ಬೈಕೋತ ಕುಡೀತಿದ್ದೆ. ನವನಗರಕ್ಕ ಹೋಗಿ ಬರ್ಯಾಕ ಕುಂತ್ರ, ಪೆನ್ನು ಸಿಹಿ ಅಂತನ ಬರೀತೈತಿ. ಹರದು ಒಗದೆ. ಮತ್ತ ಬರದ್ರ, ಮತ್ತ ಸಿಹಿನ ಬಂತು.”

ದಾದಾ ಯಾಕೆ ಅಷ್ಟು ಹಾಳೆ ಹರಿಯುತ್ತಿದ್ದರು ಎಂಬುದು ಖುಶನುಮಾಳಿಗೆ ಈಗ ತಿಳಿಯಿತು. ಅವಳಿಗೆ ಅಳು ಬಂದಂತಾಯಿತು, ಆದರೆ ಎದೆಯೂ ಹಗುರಾಯಿತು. ಜೊತೆಗೆ ತಂದಿದ್ದ ಪ್ರಬಂಧದ ಹಾಳೆ ಬಿಚ್ಚಿ, ದಾದಾನ ಜೇಬಿನಿಂದ ಪೆನ್ನು ತೆಗೆದುಕೊಂಡಳು. ‘ಹಾಲಿನಂಥ ಸಿಹಿ’ ಎಂಬುದರ ಮೇಲೆ ಗೀಟು ಎಳೆದು ‘ಸವಳು’ ಎಂದು ಬರೆದಳು. ಅದರ ಕೆಳಗೆ ಸಾವಿತ್ರೆವ್ವನ ಸಾರಿನ ಮಾತು ಬರೆದಳು, ದಾದಾನ ಪೆನ್ನಿನ ಮಾತನ್ನೂ ಬರೆದಳು. ದಾದಾ ತಡೆಯಲಿಲ್ಲ. ಯಾವ ಮಾತು ಯಾರದು ಎಂದು ಹೆಸರು ಹಾಕು ಎಂದರು, ಅಷ್ಟೇ.

ಅಷ್ಟರಲ್ಲಿ ಸಾವಿತ್ರೆವ್ವ ಎದ್ದು ಕಲ್ಲಿನ ಸಾಲುಗಳ ನಡುವೆ ತನ್ನ ಮನೆ ಹುಡುಕಿಕೊಂಡಿದ್ದಳು. ಹೊಸ್ತಿಲ ಕಲ್ಲಿನ ಕೆಸರನ್ನು ಸೆರಗಿನಿಂದ ಒರೆಸಿದಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ, ಅಡಿಗೆಮನೆ ಇದ್ದಲ್ಲಿ ಕೂತು ಕೂಗಿದಳು.

“ಬರ್ರಿ ಮಾಸ್ತರ, ಒಳಗ ಬರ್ರಿ. ಊಟ ಮಾಡೂಣು.”

ದಾದಾನೂ ಚಪ್ಪಲಿ ಬಿಟ್ಟರು. ಬಾಗಿಲು ಗಿಡ್ಡ ಇತ್ತೇನೋ, ಹೊಸ್ತಿಲು ದಾಟುವಾಗ ತಲೆ ಬಗ್ಗಿಸಿದರು. ಮೇಲೆ ಬರೀ ಆಕಾಶವಿತ್ತು.

ಬುತ್ತಿಯ ಗಂಟು ಹಿಡಿದಿದ್ದ ಪದ್ಮಶ್ರೀಗೆ ಹಸಿವು. ಸುತ್ತು ಯಾಕೆ ಎಂದು ಅಡ್ಡದಿಂದಲೇ ಕಲ್ಲಿನ ಸಾಲು ಜಿಗಿಯಲು ಕಾಲೆತ್ತಿದಳು. ಖುಶನುಮಾ ಅವಳ ತೋಳು ಹಿಡಿದು ನಿಲ್ಲಿಸಿದಳು.

“ಅಲ್ಲೆ ಗ್ವಾಡಿ ಐತಿ,” ಎಂದಳು ಮೆಲ್ಲಗೆ. “ಈ ಕಡೆ ಬಾ, ಬಾಗಿಲದಾಗಿಂದ ಹೋಗೂಣು.”

ಇಬ್ಬರೂ ಸುತ್ತಿ ಬಂದು, ಚಪ್ಪಲಿ ಕಳಚಿಟ್ಟು ಒಳಗೆ ಹೋದರು.