ಐದನೆಯ ಗೆರೆ

ಇಂಗಳೇಶ್ವರದ ಹತ್ತಿರದ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಶಿಕ್ಷಕಿ. ದೆವ್ವಗಿವ್ವ ನಂಬುವವಳಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ಹೋದ ಮಾರ್ಚಿನ ಒಂದು ಶನಿವಾರ. ಶಾಲೆ ಬಿಟ್ಟ ಮೇಲೆ ಸೋಮವಾರದ ಪದದಾಟವನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ: ನಾಲ್ಕಕ್ಷರದ ಇಂಗ್ಲಿಷ್ ಪದ, ಅದರಲ್ಲಿ 'ಇ' ಇರಬೇಕು. ಕೆಳಗೆ ನಾಲ್ಕು ಗೆರೆ ಎಳೆಯುವಷ್ಟರಲ್ಲಿ ಬಾಗಿಲು ಧಡ್ಡೆಂದು ಮುಚ್ಚಿಕೊಂಡಿತು. ಎಷ್ಟು ಜಗ್ಗಿದರೂ ಬರಲಿಲ್ಲ. ಹೊರಗೆ ಉರಿಬಿಸಿಲು, ಕಾಲಡಿಯ ಪರಸಿಗಲ್ಲು ಮಾತ್ರ ಕೊರೆಯುವಷ್ಟು ತಣ್ಣಗಿತ್ತು.

ಬೆನ್ನ ಹಿಂದೆ ಸೀಮೆಸುಣ್ಣ ಕಿರುಗುಟ್ಟಿತು. ತಿರುಗಿದರೆ ನಾಲ್ಕೂ ಗೆರೆಗಳ ಮೇಲೆ ಮಗುವಿನ ಡೊಂಕು ಅಕ್ಷರ: ಓ, ಪಿ, ಇ, ಎನ್. ಓಪನ್.

ಒರೆಸಿದೆ. ಆ ಪದ ಹೊಂದದಿರಲೆಂದು ಐದು ಗೆರೆ ಎಳೆದೆ. ಬಾಗಿಲು ಬಡಿದು, ಗಂಟಲು ಹರಿಯುವಂತೆ ಕೂಗಿ, ಮತ್ತೆ ತಿರುಗಿದೆ. ಮತ್ತೆ ಓಪನ್. ಐದನೆಯ ಗೆರೆ ಖಾಲಿ.

ಎರಡು ಗಂಟೆಗೆ ಬಿಸಿಯೂಟದ ಸಾವಿತ್ರವ್ವ ಒಂದೇ ಕೈಯಿಂದ ಬಾಗಿಲು ದೂಡಿ ತೆರೆದಳು.

"ಬಡದು ಬಡದು ಸಾಕಾತು, ಕೇಳಲಿಲ್ಲೇನ ಸಾವಿತ್ರವ್ವಾ?" ಎಂದೆ.

"ಬಡದದ್ದು ಕೇಳಲಿಲ್ರಿ ಅಕ್ಕಾರ. ಇಲ್ಲೇ ಕಟ್ಟಿಮ್ಯಾಲ ಭಾಂಡೆ ತಿಕ್ಕಾಕತ್ತಿದ್ದೆ. ಹುಡುಗೂರೆಲ್ಲ ಕೂಡಿ 'ಓ, ಪಿ, ಇ, ಎನ್' ಅಂತ ಒದರಾಕತ್ತಿದ್ರು. ಶಾಲಿ ಬಿಟ್ಟಮ್ಯಾಲೂ ಪಾಠ ನಡದೈತಿ ಅಂತ ಬಾಗಿಲಾ ತಗೀಲಿಲ್ಲ."