ಲಾನಿಗೆ ಬಿಟ್ಟ ಜಾಗ

ಅಮೆರಿಕದ ಬ್ಲೂ ರಿಡ್ಜ್ ಬೆಟ್ಟದ ರಸ್ತೆಯಲ್ಲಿ ನಮ್ಮಣ್ಣ ಲಾನಿ ಬೈಕಿನಿಂದ ಬಿದ್ದಾಗ, ನಮ್ಮ ಬೈಕ್ ತಂಡದ ಮುಂದಾಳು ಹಾರ್ಲನ್, ಹಿಂದೆ ಬರುತ್ತಿದ್ದ ಅವನ ದೀಪ ಮರೆಯಾದದ್ದನ್ನು ಕನ್ನಡಿಯಲ್ಲಿ ನೋಡಲೇ ಇಲ್ಲ. ಹತ್ತಿರ ಯಾರೂ ಇಲ್ಲದೆ ಅಣ್ಣ ಒಬ್ಬನೇ ಸತ್ತ. ವರ್ಷ ತುಂಬಿದ ದಿನ ಅದೇ ಹಾರ್ಲನ್, ಸತ್ತ ಸವಾರನಿಗೆ ಜಾಗ ಬಿಡುವ ಪದ್ಧತಿಯಂತೆ, ಬೈಕುಗಳ ಸಾಲಿನಲ್ಲಿ ನನ್ನ ಎಡಪಕ್ಕವನ್ನು ಖಾಲಿ ಬಿಡಿಸಿದ.

"ಬದುಕಿದ್ದಾಗ ತಿರುಗಿ ನೋಡ್ಲಿಲ್ಲ, ಈಗ ಜಾಗ ಬಿಡ್ತಾನಂತೆ ಮುದುಕ," ಎಂದೆ.

"ಬಾಯ್ಮುಚ್ಕೊಂಡು ಓಡ್ಸು ಮರಿ. ಆ ಕಡೆ ಮಾತ್ರ ಸರೀಬೇಡ," ಎಂದ ಹಾರ್ಲನ್.

ಸಾಲು ಹೊರಟ ಮೇಲೆ ಬೇಕೆಂದೇ ಆ ಖಾಲಿ ಜಾಗದತ್ತ ಸರಿದೆ. ಮಧ್ಯಾಹ್ನದ ಬಿಸಿಲಲ್ಲೂ ಎಡಭುಜ ಚಳಿಗೆ ಕೊರೆಯತೊಡಗಿತು, ಎಡಪಾದ ಮಾತ್ರ ಸುಡುತ್ತಿತ್ತು. ಯಾರೂ ಇಲ್ಲದ ಪಕ್ಕದಲ್ಲಿ ಎಂಜಿನ್ ಗುಡುಗುತ್ತಿತ್ತು. ಅಣ್ಣ ಸತ್ತ ತಿರುವಿನಲ್ಲಿ ಏನೋ ನನ್ನ ಹ್ಯಾಂಡಲನ್ನು ಬಲಕ್ಕೆ, ಕಣಿವೆಯತ್ತ ಒತ್ತಿತು. ಅಂಚಿನಲ್ಲಿ ಹೇಗೋ ಬೈಕ್ ನಿಲ್ಲಿಸಿದೆ.

ನೋಡಿದರೆ, ಎಡ ಬೂಟಿನ ಹೊರಬದಿ ಕಾದ ಸೈಲೆನ್ಸರ್ ತಾಗಿದಂತೆ ಕರಗಿತ್ತು. ನನ್ನ ಬೈಕಿನ ಸೈಲೆನ್ಸರ್ ಇರುವುದು ಬಲಕ್ಕೆ.