ಮೂರನೇ ವಿಷಲ್

ಮತೀನ್ ಹೆಣ್ಣು ನೋಡಲು ಚನ್ನಪಟ್ಟಣದಿಂದ ರಾಮನಗರಕ್ಕೆ ಬಂದಿದ್ದ. ಅಸ್ರಾ ಚಹದ ತಟ್ಟೆ ಹಿಡಿದು ಎದುರು ನಿಂತಳು. ಅವನು ಕಣ್ಣೆತ್ತಿದರೆ ಅವಳೂ ನೋಡುತ್ತಿದ್ದಳು. ತುಟಿಯಂಚಿನಲ್ಲಿ ನಗು ಇನ್ನೇನು ಮೂಡಬೇಕು, ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು.

ತಟ್ಟೆ ಬಿತ್ತು. ಅಸ್ರಾ ಬರಿಗಾಲಲ್ಲೇ ಬೀದಿಗೆ ಓಡಿದಳು.

"ಹುಡುಗೀಗೆ ಇಷ್ಟ ಇಲ್ಲ ಕಣಪ್ಪಾ, ನಡಿ," ಎಂದರು ಮತೀನನ ತಾಯಿ.

ಆದರೆ ಆ ಅರೆನಗು ಅವನನ್ನು ಬಿಡಲಿಲ್ಲ. ಎಂಟು ದಿನ ತಡೆದು, ಒಬ್ಬನೇ ಬಸ್ ಹತ್ತಿ ಬಂದ. ಬಾಗಿಲಲ್ಲೇ ಅಸ್ರಾಳ ಅಜ್ಜಿ ಗುಲ್ಜಾರ್ ಬೀ ಕೂತಿದ್ದರು.

"ಏನಪ್ಪಾ, ಆವತ್ತಿನ ಚಾ ಬಾಕಿ ಐತೆ ಅಂತ ಬಂದ್ಯಾ?"

ಮತೀನ್ ಒಳಗಿದ್ದ ಅಸ್ರಾಳನ್ನೇ ಕೇಳಿದ. "ನಾನು ಅಷ್ಟು ಕೆಟ್ಟದಾಗಿದೀನಾ? ಹೇಳ್ಬುಡಿ, ಹೊಂಟೋಯ್ತೀನಿ."

"ನಿಮ್ಮನ್ನ ನೋಡಿ ಓಡಿದ್ದಲ್ಲ."

ಎರಡು ವರ್ಷದ ಹಿಂದೆ ಅವಳು ರೇಷ್ಮೆ ನೂಲು ತೆಗೆಯುತ್ತಿದ್ದ ಕಡೆ ಬಾಯ್ಲರ್ ಸಿಡಿದಿತ್ತು. ಪಕ್ಕದಲ್ಲಿದ್ದ ಗೆಳತಿ ಮಿಸ್ಬಾ ಉಳಿಯಲಿಲ್ಲ. ಸಿಡಿಯುವ ಮುಂಚೆ ಹಬೆ ಹೀಗೇ ಕೂಗಿತ್ತು. ಅಂದಿನಿಂದ ಈ ಮನೆಯಲ್ಲಿ ಕುಕ್ಕರ್ ಇಟ್ಟವರಿಲ್ಲ; ಹೆಣ್ಣು ನೋಡಲು ಬಂದ ದಿನ ನೆರವಿಗಿದ್ದ ಪಕ್ಕದ ಮನೆಯಾಕೆ ತಿಳಿಯದೆ ಇಟ್ಟುಬಿಟ್ಟಿದ್ದಳು.

"ತಿಂಗಳಿಗೊಂದ್ಸಲ ಕೌನ್ಸೆಲಿಂಗ್‌ಗೆ ಹೋದೆ. ಬಾಯಿ ಬಿಡೋ ಹೊತ್ಗೆ ಟೈಮ್ ಆಗೋಗದು. ಈಗ ಬೆಂಗಳೂರಲ್ಲಿ ಡಾಕ್ಟರ್ ಭಾನುಪ್ರಿಯ ಅಂತ, ಹನ್ನೆರಡು ದಿನ, ದಿನಾ ಮೂರು ಗಂಟೆ ಕೂತ್ಕೋಬೇಕಂತೆ. ಬಾಯ್ಲರ್ ಸಿಡಿದ ಮಾತೇ, ಮತ್ತೆ ಮತ್ತೆ ಹೇಳ್ಬೇಕಂತೆ. ಭಯ ಆಯ್ತದೆ. ನೀವು ಕಾಯಬೇಡಿ."

ಮತೀನ್ ಜೇಬಿನಿಂದ ಒಂದು ಕೆಂಪು ಬುಗುರಿ ತೆಗೆದ. ಮರದ ಆಟಿಕೆ ಮಾಡುವುದೇ ಅವನ ಕೆಲಸ; ಇದೂ ಅವನೇ ಮಾಡಿದ್ದು.

"ತಿರುಗೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತತೀವಿ. ಬಿಸಿ ಏರೋಗಂಟ ಒಂದೇ ಸಮ ಒತ್ತಬೇಕು. ಬಿಟ್ಟು ಬಿಟ್ಟು ಒತ್ತಿದ್ರೆ ಆರೋಯ್ತದೆ, ಬಣ್ಣ ಹಿಡಿಯಕಿಲ್ಲ. ನಿಮ್ ಡಾಕ್ಟರಿಗೆ ನಮ್ ಕೆಲಸ ಗೊತ್ತಿರಂಗದೆ."

"ಮರ ಮುರಿದ್ರೆ?"

"ಒತ್ತೋರ ಕೈ ಹದವಾಗಿರ್ಬೇಕು. ಅಷ್ಟೆ."

ಬುಗುರಿ ಅವಳ ಮುಷ್ಟಿ ಸೇರಿತು.

ಅಸ್ರಾ ಬೆಂಗಳೂರಿಗೆ ಹೋಗತೊಡಗಿದಳು. ದಿನಾ ಸಂಜೆ ವಾಪಸು ಬರುವ ರೈಲಿನಿಂದ ಅವಳ ಫೋನ್ ಬರುತ್ತಿತ್ತು. ಮೂರನೇ ದಿನ ಬರೀ ಅಳು. "ನಾಳೆ ಹೋಗಕಿಲ್ಲ," ಎಂದವಳು ಮರುದಿನ ಹೋಗಿದ್ದಳು. ಆ ಡಾಕ್ಟರ್ ಅವಸರ ಮಾಡಲಿಲ್ಲ, ಬಿಡಲೂ ಇಲ್ಲ. ಅವಳು ಎಲ್ಲಿ ಮಾತು ನಿಲ್ಲಿಸುತ್ತಾಳೋ ಅಲ್ಲಿಂದಲೇ ಮತ್ತೆ ಹೇಳಿಸುತ್ತಿದ್ದರು. ಒಂಬತ್ತನೇ ದಿನ ಅವಳ ದನಿಯೇ ಬೇರೆಯಾಗಿತ್ತು.

"ಮತೀನ್, ಇವತ್ತು ಮಿಸ್ಬಾ ನಗೋದು ನೆನಪಾಯ್ತು. ಎರಡು ವರ್ಷದಿಂದ ಅವಳ ಕಿರುಚಾಟ ಒಂದೇ ನೆನಪಿತ್ತು."

ಚನ್ನಪಟ್ಟಣದಲ್ಲಿ ಮತೀನ್ ಮಷಿನ್ ನಿಲ್ಲಿಸಿದ. ಕಣ್ಣೀರಿನಲ್ಲಿ ಅವನಿಗೆ ಮುಂದಿನ ಮರ ಕಾಣುತ್ತಿರಲಿಲ್ಲ.

ಹನ್ನೆರಡು ದಿನ ಮುಗಿದ ಮೇಲಿನ ಭಾನುವಾರ ಅವಳೇ ಅವನನ್ನು ಮನೆಗೆ ಕರೆದಳು. ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟು, ಒಲೆಯ ಮುಂದೆ ನಿಂತಳು.

ಮೊದಲ ವಿಷಲ್. ಅವಳ ಬೆರಳು ಕಟ್ಟೆಯನ್ನು ಹಿಡಿಯಿತು. ಮತೀನ್ ಮುಂದೆ ಬಂದ.

"ಅಲ್ಲೇ ಇರಿ."

ಎರಡನೆಯದು. ನಿಧಾನವಾಗಿ ಉಸಿರು ಬಿಟ್ಟಳು.

ಮೂರನೆಯದು. ಓಡಲಿಲ್ಲ; ಕೈ ಚಾಚಿ ತಾನೇ ಒಲೆ ಆರಿಸಿದಳು. ತಿರುಗಿದಾಗ, ಆವತ್ತು ಅರ್ಧಕ್ಕೆ ನಿಂತಿದ್ದ ನಗು ಪೂರ್ತಿಯಾಗಿ ಮೂಡಿತ್ತು.

"ನಿಮ್ಮನೆ ಕುಕ್ಕರ್ ಎಷ್ಟು ಲೀಟರ್‌ದು?"

"ಮೂರು. ಯಾಕೆ?"

"ಸಾಲಕಿಲ್ಲ. ಒಸಿ ದೊಡ್ಡದು ತಗೊಳಿ," ಎಂದಳು ಅಸ್ರಾ. "ಇನ್ಮೇಲೆ ನಾನೂ ಉಣ್ಬೇಕಲ್ಲ."